ಎರಡನೆಯ ಆಪರೇಷನ್ನಿಗೆ ಮುನ್ನ: ಅಂಜಿಕೆಗೂ ಒಂದು ಲೆಕ್ಕ

ಎಲೆಯ ಕೆಳಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಪುಟ್ಟ ಬಾಯಿಗಳಂಥ ರಂಧ್ರಗಳು ಕಾಣುತ್ತವೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅವಕ್ಕೆ ಪತ್ರರಂಧ್ರ ಎಂದು ಹೆಸರು, ಇಂಗ್ಲಿಷಿನಲ್ಲಿ ಸ್ಟೋಮಾಟಾ. ಗ್ರೀಕ್ ಭಾಷೆಯಲ್ಲಿ ಸ್ಟೋಮಾ ಎಂದರೆ ಬಾಯಿ. ಇದೇ ಹೆಸರಿನ ಬಾಯಿ ಕೆಲವರ ಹೊಟ್ಟೆಯ ಮೇಲೂ ಇರುತ್ತದೆ. ನನಗೂ ಇದೆ.

ನಾವು ಉಂಡದ್ದು ಜಠರದಿಂದ ಇಳಿದು, ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳನ್ನೂ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನೂ ದಾಟಿ ಹೊರಗೆ ಹೋಗುತ್ತದೆ. ಈ ದಾರಿಯ ಕೊನೆಯಲ್ಲಿ ಗಡ್ಡೆಯೋ ಗಾಯವೋ ಹುಟ್ಟಿನಿಂದಲೇ ಬಂದ ಅಡ್ಡಿಯೋ ಇದ್ದರೆ, ವೈದ್ಯರು ಕರುಳಿನ ತುದಿಯನ್ನು ಹೊಟ್ಟೆಯ ಚರ್ಮದವರೆಗೆ ತಂದು ಹೊಲಿದು, ಬೇರೆ ದಾರಿ ಮಾಡುತ್ತಾರೆ. ಆ ದಾರಿಯ ಬಾಯೇ ಸ್ಟೋಮಾ. ತುಟಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಅದರ ಸುತ್ತ ಅಂಟಿಸಿದ ಚೀಲದಲ್ಲಿ ಮಲ ಸೇರುತ್ತದೆ. ಚೀಲ ಮೂರರಲ್ಲಿ ಒಂದು ಪಾಲು ತುಂಬಿದಾಗ ಖಾಲಿ ಮಾಡಿದರಾಯಿತು. ಮೇಲೆ ಅಂಗಿ ತೊಟ್ಟರೆ ಪಕ್ಕದಲ್ಲಿ ಕುಳಿತವರಿಗೂ ತಿಳಿಯುವುದಿಲ್ಲ.

ಇದು ಹೊಸ ವಿದ್ಯೆಯಲ್ಲ. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಎಂಬ ಊರಿನಲ್ಲಿ ಡ್ಯುರೆ ಎಂಬ ವೈದ್ಯರು, ಮಲದ್ವಾರವಿಲ್ಲದೆ ಹುಟ್ಟಿದ ಹಸುಗೂಸಿಗೆ ಹೀಗೆ ದಾರಿ ಮಾಡಿಕೊಟ್ಟರು. ಅರಿವಳಿಕೆ ಔಷಧಿಯೇ ಇಲ್ಲದ ಕಾಲವದು. ಆ ಕೂಸು ಬೆಳೆದು 45 ವರ್ಷ ಬಾಳಿತು.

ನನಗೆ ಗುದನಾಳದ ಕ್ಯಾನ್ಸರಿಗಾಗಿ ಐದು ವರ್ಷದ ಹಿಂದೆ ಆಪರೇಷನ್ ಆಗಿ, ಕಾಯಂ ಸ್ಟೋಮಾ ಬಂತು. ಅದಕ್ಕೆ ಹೊಂದಿಕೊಂಡೂ ಆಗಿತ್ತು. ಕಳೆದ ವರ್ಷ ಅದೇ ಬಾಯಿಯನ್ನು ಸರಿಪಡಿಸಲು ಮತ್ತೊಂದು ಆಪರೇಷನ್ ಬೇಕೆಂದರು. ಆಗ ಹಿಡಿದ ಅಂಜಿಕೆ, ಅದರ ಜೊತೆ ಮನೆಯವರೆಲ್ಲ ಹೇಗೆ ಹೆಣಗಿದೆವು ಎಂಬುದೇ ಈ ಲೇಖನ. ಆಪರೇಷನ್ ಯಾವುದೇ ಇರಲಿ, ಕಣ್ಣಿನ ಪೊರೆಯದೋ ಮೊಣಕಾಲಿನದೋ, ಅಜ್ಜ ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಉಪಯೋಗವಾದೀತು.

ಸಂಚಿಯ ದಾರ ಎಳೆದಂತೆ

ಸ್ಟೋಮಾ ಇದ್ದವರೆಲ್ಲರಿಗೂ ಮರು ಆಪರೇಷನ್ ಬೇಕಾಗುವುದಿಲ್ಲ. ಕೆಲವರಿಗೆ ಬೇಕಾಗುತ್ತದೆ. ಸ್ಟೋಮಾದ ಪಕ್ಕದಲ್ಲಿ ಹೊಟ್ಟೆಯ ಸ್ನಾಯು ಸಡಿಲಾಗಿ ಕರುಳು ಉಬ್ಬಿಕೊಳ್ಳಬಹುದು, ಅದು ಹರ್ನಿಯಾ. ಕರುಳು ಹೊರಗೆ ಜಾರಬಹುದು, ಇಲ್ಲವೇ ಒಳಗೆ ಕುಸಿಯಬಹುದು. ನಾಲ್ಕನೆಯದು ನನಗೆ ಬಂದದ್ದು: ಬಾಯಿ ಬಿಗಿದುಕೊಳ್ಳುವುದು. ಎಲೆಅಡಿಕೆ ಸಂಚಿಯ ದಾರ ಎಳೆದರೆ ಬಾಯಿ ಹೇಗೆ ಕಿರಿದಾಗುತ್ತದೋ ಹಾಗೆ. ಗಾಯ ಮಾಯುವಾಗ ಬಂದ ಗಟ್ಟಿ ಕಲೆ ವರ್ಷಗಳು ಕಳೆದಂತೆ ಬಿಗಿಯುತ್ತ ಹೋಗಿತ್ತು. ಮಲ ತೆಳ್ಳಗೆ ಬರುವುದು, ಊಟವಾದ ಮೇಲೆ ಹೊಟ್ಟೆ ಹಿಂಡುವುದು, ಗಾಳಿ ಜೋರಾಗಿ ಸದ್ದು ಮಾಡುವುದು ಶುರುವಾಯಿತು.

ಹೈದರಾಬಾದಿನ ಆಸ್ಪತ್ರೆಯಲ್ಲಿ ವೈದ್ಯರು ಕಿರುಬೆರಳಿನಿಂದ ಪರೀಕ್ಷಿಸಿ ಹೇಳಿದರು: "ಸುತ್ತಲಿನ ಗಟ್ಟಿ ಚರ್ಮ ತೆಗೆದು, ಕರುಳನ್ನು ಸ್ವಲ್ಪ ಮುಂದೆ ತಂದು ಹೊಸದಾಗಿ ಹೊಲಿಯುತ್ತೇವೆ. ಹೊರಗಿನಿಂದಲೇ ಮುಗಿಯಬಹುದು. ಕರುಳು ಸಲೀಸಾಗಿ ಬರದಿದ್ದರೆ ಮಾತ್ರ ಹೊಟ್ಟೆ ತೆರೆಯಬೇಕಾದೀತು." ದೀಪಾವಳಿ ಕಳೆದ ವಾರಕ್ಕೆ ದಿನ ಗೊತ್ತಾಯಿತು. ಆಗಿನ್ನೂ ಸೆಪ್ಟೆಂಬರ್.

ಮೊದಲ ಸಲ ಅಂಜಲು ಪುರುಸೊತ್ತೇ ಇರಲಿಲ್ಲ. ಪರೀಕ್ಷೆ, ಚಿಕಿತ್ಸೆ, ಆಪರೇಷನ್, ಒಂದರ ಹಿಂದೊಂದು ಓಡಿದ್ದವು. ಈ ಸಲ ಎರಡು ತಿಂಗಳು ಎದುರಿಗೆ ಕುಳಿತಿದ್ದವು. ಏನೇನಾಗುತ್ತದೆ ಎಂಬುದೂ ಗೊತ್ತಿತ್ತು: ಆ ತಣ್ಣನೆ ಕೋಣೆ, ಮೂಗಿನ ನಳಿಕೆ, ಮೊದಲ ರಾತ್ರಿಯ ನೋವು. "ಹೊಟ್ಟೆ ತೆರೆಯಬೇಕಾದೀತು" ಎಂಬ ಮಾತೊಂದೇ ಕಿವಿಯಲ್ಲಿ ಉಳಿಯಿತು. ರಾತ್ರಿ ಮೂರಕ್ಕೆ ಎಚ್ಚರ, ಎದೆ ಡವಡವ, ಊಟ ಬೇಡ, ಮಾತಿಗೆ ಮುಂಚೆ ಸಿಟ್ಟು. ದಿನ ಮುಂದೂಡಿದರೆ ಹೇಗೆ ಎಂಬ ಯೋಚನೆಯೂ ಸುಳಿಯಿತು.

ಮಕ್ಕಳೇ, ಪರೀಕ್ಷೆಯ ದಿನ ಬೆಳಗ್ಗೆ ನಿಮ್ಮ ಹೊಟ್ಟೆ ಕಲಸಿದಂತಾಗುತ್ತದಲ್ಲ, ಇದೂ ಅದೇ. ಅಪಾಯ ಬಂತೆಂದು ಮಿದುಳು ಅಂದುಕೊಂಡರೆ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಕರುಳಿನ ನಡೆ ಏರುಪೇರಾಗುತ್ತದೆ. ಇದು ಹೇಡಿತನವಲ್ಲ, ದೇಹ ಬಾರಿಸುವ ಗಂಟೆ.

ಮೂರು ಕಾಲಮಿನ ಹಾಳೆ

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ, ಸಂಜೆ ಲೆಕ್ಕ ತಾಳೆಯಾಗದಿದ್ದರೆ ಒಟ್ಟು ಮೊತ್ತವನ್ನೇ ದಿಟ್ಟಿಸುತ್ತ ಕೂತು ಪ್ರಯೋಜನವಿರಲಿಲ್ಲ. ಒಂದೊಂದೇ ವೋಚರು ನೋಡುತ್ತ ಹೋಗಬೇಕಿತ್ತು. ಅಂಜಿಕೆಯೂ ಹಾಗೇ. "ಏನಾಗ್ತದೋ" ಎಂಬ ಒಟ್ಟು ಮೊತ್ತ ಬಹಳ ದೊಡ್ಡದು. ಅದಕ್ಕೆ ಹಾಳೆಯ ಮೇಲೆ ಮೂರು ಕಾಲಂ ಎಳೆದೆ: ಕೇಳಬೇಕಾದದ್ದು, ಮಾಡಬೇಕಾದದ್ದು, ನನ್ನ ಕೈಯಲ್ಲಿ ಇಲ್ಲದ್ದು. ರಾತ್ರಿ ಎಚ್ಚರವಾದಾಗ ತಲೆಗೆ ಬಂದದ್ದನ್ನು ಬೆಳಗ್ಗೆ ಯಾವುದಾದರೊಂದು ಕಾಲಮಿಗೆ ಹಾಕುತ್ತಿದ್ದೆ.

ಕೇಳಬೇಕಾದದ್ದೇ ಹೆಚ್ಚು ಎಂದು ಗೊತ್ತಾಯಿತು. ಹದಿನಾಲ್ಕು ಪ್ರಶ್ನೆಗಳಾದವು. ಮುಂದಿನ ಭೇಟಿಗೆ ಮಗನನ್ನು ಕರೆದುಕೊಂಡು ಹೋದೆ. ನಾನು ಓದಿದೆ, ವೈದ್ಯರು ಹೇಳಿದರು, ಅವನು ಬರೆದುಕೊಂಡ. ಅಂಜಿದವನ ಕಿವಿಗೆ ಅರ್ಧ ಮಾತೇ ಬೀಳುತ್ತದೆ, ಇನ್ನೊಂದು ಜೊತೆ ಕಿವಿ ಬೇಕು.

ಕ್ಯಾನ್ಸರ್ ಮರಳಿದೆಯೇ? ಇಲ್ಲ, ಇದು ಗಾಯದ ಕಲೆ ಮಾತ್ರ. ತೆಗೆದ ತುಂಡನ್ನು ಪರೀಕ್ಷೆಗೂ ಕಳಿಸುತ್ತಾರೆ. ಬಿಪಿ, ಸಕ್ಕರೆಯ ಗುಳಿಗೆ ನಿಲ್ಲಿಸಬೇಕೇ? ರಕ್ತ ತೆಳುಮಾಡುವ ಗುಳಿಗೆಯಿದ್ದರೆ ಮುಂಚಿತವಾಗಿ ಹೇಳಬೇಕು, ಯಾವುದನ್ನೂ ನಾವಾಗಿ ಬಿಡಬಾರದು. ಹೊಟ್ಟೆ ತೆರೆದರೆ ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕು, ನೋವು ಹೆಚ್ಚು. ನೋವಿಗೆ ಔಷಧಿಯೂ ಅದಕ್ಕೆ ತಕ್ಕಂತೆ ಇದೆ. ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡುವುದು ಇನ್ನು ಆಗುತ್ತದೆಯೇ? ಈ ಪ್ರಶ್ನೆಗೆ ವೈದ್ಯರು ನಕ್ಕರು. ಗಾಯ ಪೂರ್ತಿ ಮಾಯುವವರೆಗೆ ಬೇಡ, ಆಮೇಲೆ ಸರಿಯಾಗಿ ಅಂಟಿಸಿದ ಚೀಲ ನೀರಿಗೆ ಜಗ್ಗುವುದಿಲ್ಲ ಎಂದರು.

ಅಲ್ಲಿದ್ದ ಸ್ಟೋಮಾ ನರ್ಸ್ ನನ್ನನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿದರು. "ಪ್ಯಾಂಟೋ ಧೋತರವೋ?" ಎಂದು ಕೇಳಿದರು. ಧೋತರದ ಗಂಟು ಎಲ್ಲಿ ಬರುತ್ತದೆ, ಹೊಟ್ಟೆಯ ಮಡಿಕೆ ಎಲ್ಲಿ ಬೀಳುತ್ತದೆ ಎಂದು ನೋಡಿ ಪೆನ್ನಿನಿಂದ ಗುರುತು ಹಾಕಿದರು. ಬಾಯಿ ಮಡಿಕೆಯಲ್ಲಿ ಬಂದರೆ ಚೀಲ ಸೋರುತ್ತದೆ. ಸ್ಟೋಮಾದ ಜಾಗ ಬದಲಿಸಬೇಕಾಗಿ ಬಂದರೆ ಈ ಗುರುತು ಬೇಕಾಗುತ್ತದೆ. ಮೊದಲೇ ಗುರುತು ಹಾಕಿ ಎಂದು ನಾವೂ ಕೇಳಬಹುದು.

ಔರಾದಿನ ರೈತರ ಮಾತು

ಮೂರನೆಯ ಕಾಲಮಿಗೆ ವೈದ್ಯರಲ್ಲಿ ಉತ್ತರವಿರಲಿಲ್ಲ. "ಏಳದೇ ಹೋದರೆ?" ಎಂಬುದು ಅಲ್ಲಿತ್ತು. "ಮತ್ತೆ ಇನ್ನೊಬ್ಬರ ಕೈ ನೋಡಬೇಕಾದರೆ?" ಎಂಬುದೂ.

ಬೀದರಿನಲ್ಲಿ ನಾನು ಚೀಲ ತರಿಸುವ ಔಷಧಿ ಅಂಗಡಿಯವರು ಒಂದು ದಿನ, "ಔರಾದ್ ಕಡೆಯವರೊಬ್ಬರು ನಿಮ್ಮ ಹಾಂಗೇ ಚೀಲ ಒಯ್ತಾರ್ರಿ, ಅವರಿಗಿ ಎರಡು ಸಲ ಆಪರೇಷನ್ ಆಗ್ಯಾದ, ಮಾತಾಡ್ತೀರೇನು?" ಎಂದರು. ಅವರ ಒಪ್ಪಿಗೆ ಕೇಳಿಯೇ ಭೇಟಿ ಮಾಡಿಸಿದರು. ಉದ್ದು ಮಾರಲು ಬೀದರಿನ ಮಾರುಕಟ್ಟೆಗೆ ಬಂದಿದ್ದ ರೈತರು, ಅರವತ್ತು ದಾಟಿದವರು. ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತೆವು.

"ಎರಡನೇ ಸಲಾನೂ ಅಂಜಿಕಿ ಆಗಿತ್ತೇನ್ರಿ?" ಎಂದು ಕೇಳಿದೆ.

"ಮೊದಲಿನಕಿಂತ ಜಾಸ್ತಿನೇ ಆಗಿತ್ತು ನೋಡ್ರಿ. ಮೊದಲ ಸಲ ನಮಗ ಏನ್ ಗೊತ್ತಿತ್ತು? ಎರಡನೇ ಸಲ ಎಲ್ಲಾ ಗೊತ್ತಿತ್ತು. ಆದ್ರ ಇನ್ನೊಂದು ಮಾತೂ ಗೊತ್ತಿತ್ತಲ್ರಿ. ಮೊದಲನೇದು ಮುಗಿಸಿ ನಾ ಎದ್ದು ಮನಿಗಿ ಬಂದಿದ್ದೆ."

ಅವರಿಗೆ ಹರ್ನಿಯಾದ ಆಪರೇಷನ್ ಆಗಿ ನಾಲ್ಕು ವರ್ಷವಾಗಿತ್ತು. ಮೂಟೆ ಎತ್ತುವುದನ್ನು ಪೂರ್ತಿ ಬಿಟ್ಟಿದ್ದಾರೆ. "ಅದು ಈಗ ಮಗಂದು ಕೆಲಸ. ನಂದು ಲೆಕ್ಕ ಹಿಡ್ಯಾದು, ಬದುವಿನ ಮ್ಯಾಲ ಅಡ್ಡಾಡಾದು" ಎಂದರು. ಅರ್ಧ ಗಂಟೆಯಲ್ಲಿ ನನ್ನ ಕಾಯಿಲೆಯ ಬಗ್ಗೆ ಅವರು ಏನೂ ಹೊಸದು ಹೇಳಲಿಲ್ಲ. ಆದರೂ ಅಂದು ರಾತ್ರಿ ನಿದ್ದೆ ಬಂತು.

ಹೀಗೆ ಪಾರಾದವರೇ ಇನ್ನೊಬ್ಬರಿಗೆ ದಾರಿ ತೋರಿಸುವ ಪದ್ಧತಿಗೆ ಹಿಂದಿನ ಕಥೆಯಿದೆ. ಅಮೆರಿಕದಲ್ಲಿ ನಾರ್ಮಾ ಗಿಲ್ ಎಂಬ ಮಹಿಳೆ ತಾವೇ ಸ್ಟೋಮಾ ಇದ್ದವರು. ತಮಗೆ ಆಪರೇಷನ್ ಮಾಡಿದ್ದ ರೂಪರ್ಟ್ ಟರ್ನ್‌ಬುಲ್ ಎಂಬ ವೈದ್ಯರ ಜೊತೆ ಸೇರಿ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ಇತರ ರೋಗಿಗಳಿಗೆ ಕಲಿಸತೊಡಗಿದರು. ಸ್ಟೋಮಾ ನರ್ಸ್ ಎಂಬ ವೃತ್ತಿ ಹುಟ್ಟಿದ್ದೇ ಅಲ್ಲಿಂದ. ನಮ್ಮಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಈ ತರಬೇತಿ ಇದೆ.

ಚೀಲದ ಹಿಂದೆಯೂ ಒಬ್ಬ ನರ್ಸ್ ಇದ್ದಾರೆ. ಡೆನ್ಮಾರ್ಕಿನ ಎಲಿಸೆ ಸೋರೆನ್ಸನ್ ಅವರ ತಂಗಿ ಥೋರಾಗೆ ಸ್ಟೋಮಾ ಆಯಿತು. ಎಲ್ಲಿ ಸೋರುತ್ತದೋ ಎಂಬ ಭಯದಿಂದ ಆಕೆ ಮನೆಯಿಂದ ಹೊರಗೇ ಬರುತ್ತಿರಲಿಲ್ಲ. ತಂಗಿಗಾಗಿ ಯೋಚಿಸಿ 1954ರಲ್ಲಿ ಎಲಿಸೆ ಚರ್ಮಕ್ಕೆ ಅಂಟುವ ಚೀಲವನ್ನು ರೂಪಿಸಿದರು. ಲೋಕದ ಲಕ್ಷಾಂತರ ಜನ ಇಂದು ತೊಡುವುದು ಅದರ ಮರಿ ಮೊಮ್ಮಕ್ಕಳನ್ನೇ.

ಮಕ್ಕಳಿಗೆ ಹೇಳಬೇಕೇ?

ಮನೆಯಲ್ಲಿ ದೊಡ್ಡವರು ಪಿಸುಮಾತಾಡಿದರೆ ಮಕ್ಕಳಿಗೆ ತಿಳಿಯುವುದಿಲ್ಲ ಎಂದುಕೊಳ್ಳುತ್ತೇವೆ. ಐದನೆಯ ಇಯತ್ತೆಯ ನನ್ನ ಮೊಮ್ಮಗಳು ಒಂದು ಸಂಜೆ ತನ್ನ ಅಜ್ಜಿಯನ್ನು ಕೇಳಿದಳು: "ಆಯಿ, ಮುತ್ಯಾ ಆಪರೇಷನ್ ಆದ ಮ್ಯಾಲ ಮನಿಗಿ ಬರ್ತಾನೋ ಇಲ್ಲೋ?" ಎಷ್ಟು ದಿನದಿಂದ ಆ ಪ್ರಶ್ನೆಯನ್ನು ಒಳಗೆ ಇಟ್ಟುಕೊಂಡಿದ್ದಳೋ.

ಮರುದಿನ ನಾನೇ ಅವಳನ್ನೂ ಅವಳ ತಮ್ಮನನ್ನೂ ಕೂರಿಸಿ, ಹಳೆಯ ಸಂಚಿಯ ದಾರ ಎಳೆದು ತೋರಿಸಿದೆ. ಬಾಯಿ ಬಿಗಿದಿದೆ, ಡಾಕ್ಟರು ಸಡಿಲ ಮಾಡಿ ಹೊಲಿಯುತ್ತಾರೆ, ಆಗ ನನಗೆ ನೋವು ಗೊತ್ತಾಗದಂತೆ ಔಷಧಿ ಕೊಡುತ್ತಾರೆ, ಐದಾರು ದಿನ ಅಥವಾ ಇನ್ನೂ ಕೆಲವು ದಿನ ಹೈದರಾಬಾದಿನಲ್ಲಿ ಇರುತ್ತೇನೆ, ಅಷ್ಟರಲ್ಲಿ ನಿಮ್ಮನ್ನು ಶಾಲೆಗೆ ಬಿಡುವವರು ಕಾಕಾ ಎಂದೆ. "ನಿನಗ ಅಂಜಿಕಿ ಇಲ್ಲೇನು?" ಎಂದಳು. "ಅದ. ಅದಕ್ಕೇ ಹಾಳೆ ಮ್ಯಾಲ ಬರಕೊಂಡೀನಿ" ಎಂದು ತೋರಿಸಿದೆ. ಅವಳು ಅದನ್ನು ಪೂರ್ತಿ ಓದಿ, ಕೊನೆಗೆ ತಾನೊಂದು ಪ್ರಶ್ನೆ ಸೇರಿಸಿದಳು: "ಆಸ್ಪತ್ರೆಯಲ್ಲಿ ಮುತ್ಯಾನ ಹತ್ತಿರ ರಾತ್ರಿ ಯಾರು ಮಲಗುತ್ತಾರೆ?" ನಾವು ಯಾರೂ ಯೋಚಿಸಿರದ ಪ್ರಶ್ನೆ. ಅಂದೇ ಮಗ, ಅಳಿಯ ಸರದಿ ಹಾಕಿಕೊಂಡರು.

ಮಕ್ಕಳಿಗೆ ಕೆಲಸ ಕೊಟ್ಟರೆ ಭಯ ಅರ್ಧವಾಗುತ್ತದೆ. ಆಪರೇಷನ್ನಿಗೆ ಮುಂಚೆ ಶ್ವಾಸಕೋಶ ಗಟ್ಟಿಯಾಗಲೆಂದು ಮೂರು ಚೆಂಡಿನ ಪ್ಲಾಸ್ಟಿಕ್ ಉಪಕರಣ ಕೊಟ್ಟಿದ್ದರು. ಊದಬಾರದು, ನಿಧಾನವಾಗಿ ಉಸಿರು ಒಳಗೆ ಎಳೆಯಬೇಕು, ಆಗ ಚೆಂಡು ಮೇಲೇರುತ್ತದೆ. ಎಷ್ಟು ಚೆಂಡು ಏರಿತು ಎಂದು ಬರೆದಿಡುವುದು ಮೊಮ್ಮಗನ ಕೆಲಸ. ಮೊದಲ ದಿನ ಒಂದೇ ಚೆಂಡು ಏರಿತು, ಮೂರನೆಯ ವಾರಕ್ಕೆ ಎರಡು. ಮೂರನೆಯದು ಕೊನೆಯವರೆಗೂ ಏಳಲಿಲ್ಲ; ಅವನು ಅದಕ್ಕೆ ಸೋಮಾರಿ ಎಂದು ಹೆಸರಿಟ್ಟ.

ಆ ದಿನ, ಆಮೇಲಿನ ದಿನಗಳು

ಹಿಂದಿನ ರಾತ್ರಿ ಅರಿವಳಿಕೆ ತಜ್ಞೆ ಬಂದಾಗ, "ನನಗೆ ಬಹಳ ಅಂಜಿಕೆಯಾಗುತ್ತಿದೆ ಡಾಕ್ಟ್ರೇ" ಎಂದು ನೇರವಾಗಿ ಹೇಳಿದೆ. ಅವರು ಕುರ್ಚಿ ಎಳೆದು ಕುಳಿತು, ಬೆನ್ನಿಗೆ ಚುಚ್ಚುಮದ್ದು ಕೊಡುವುದರಿಂದ ಹಿಡಿದು ಎಲ್ಲವನ್ನೂ ವಿವರಿಸಿದರು. ನಾಲ್ಕು ಎಣಿಸುತ್ತ ಉಸಿರು ಎಳೆದು ಆರು ಎಣಿಸುತ್ತ ಬಿಡಿ ಎಂದರು. ಉಸಿರು ಬಿಡುವುದು ಉದ್ದವಾದರೆ ಎದೆಬಡಿತ ತಗ್ಗುತ್ತದೆ. ಅಂದು ರಾತ್ರಿಯಿಡೀ ಅದನ್ನೇ ಜಪದ ಹಾಗೆ ಮಾಡಿದೆ.

ಆಪರೇಷನ್ ಹೊರಗಿನಿಂದಲೇ ಮುಗಿಯಿತು. ಹೊಟ್ಟೆ ತೆರೆಯುವ ಪ್ರಸಂಗ ಬರಲಿಲ್ಲ. ಎರಡು ತಿಂಗಳು ಕಾಡಿದ್ದು ಆಗಲೇ ಇಲ್ಲ. ಆದರೆ, ಆಗಿದ್ದರೂ ಅದಕ್ಕೆ ಉತ್ತರ ನಮ್ಮ ಹಾಳೆಯಲ್ಲಿ ಇತ್ತು. ಆಪರೇಷನ್ ಕೋಣೆಗೆ ಹೋಗುವಾಗ ಆ ಧೈರ್ಯ ನಿಜವಾಗಿ ಜೊತೆಗಿತ್ತು.

ಮರುದಿನವೇ ಎಬ್ಬಿಸಿ ನಡೆಸಿದರು. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಲು ಹೇಳಿಕೊಟ್ಟರು. ಎರಡನೆಯ ದಿನ ಚೀಲದಲ್ಲಿ ಪುರ್ ಎಂದು ಗಾಳಿಯ ಸದ್ದು ಬಂತು. ಬೇರೆ ಕಡೆ ಅದಕ್ಕೆ ನಗುತ್ತಾರೆ, ಅಲ್ಲಿ ನರ್ಸ್ ಖುಷಿಯಿಂದ ಬರೆದುಕೊಂಡರು. ಕರುಳು ಎಚ್ಚರವಾಯಿತೆಂಬ ಸುದ್ದಿ ಅದು. ಗಂಜಿ, ಮಜ್ಜಿಗೆ, ಮೆತ್ತನೆ ಅನ್ನ, ಆಮೇಲೆ ಬಿಸಿ ಬೇಳೆಸಾರಿನಲ್ಲಿ ನೆನೆಸಿದ ಜೋಳದ ರೊಟ್ಟಿ. ಆರನೆಯ ದಿನ ಬೀದರಿಗೆ ಮರಳಿದೆವು.

ಹೊಸ ಸ್ಟೋಮಾ ಮೊದಲು ಊದಿಕೊಂಡಿದ್ದು, ಆರೆಂಟು ವಾರಗಳಲ್ಲಿ ಕುಗ್ಗುತ್ತದೆ. ಆದ್ದರಿಂದ ಆಗಾಗ ಅಳತೆ ತೆಗೆದು ಚೀಲದ ತೂತು ಕತ್ತರಿಸಬೇಕು, ಸ್ಟೋಮಾಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ. ಹೆಚ್ಚು ದೊಡ್ಡದಾದರೆ ಚರ್ಮ ಸುಡುತ್ತದೆ. ರಟ್ಟಿನಲ್ಲಿ ಅಳತೆಯ ವೃತ್ತ ಬಿಡಿಸುವುದು ಮೊಮ್ಮಗಳ ಪಾಲಿಗೆ ಬಂತು. ಕೈವಾರ ಹಿಡಿಯಲು ಅವಳಿಗೊಂದು ಕಾರಣ ಸಿಕ್ಕಿತು. ಚೀಲಗಳು ಎರಡೇ ಉಳಿದಾಗ ಓಡಾಡದೆ, ಐದು ಉಳಿದಾಗಲೇ ತರಿಸಬೇಕು. ಬೀದರಿನ ಬೇಸಿಗೆಯಲ್ಲಿ ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟರೆ ಅಂಟು ಹಾಳಾಗುತ್ತದೆ.

ಎರಡನೆಯ ವಾರ ಮನಸ್ಸು ಕುಸಿಯಿತು. ಗಾಯ ಮಾಯುತ್ತಿತ್ತು, ಆದರೆ ಸುಮ್ಮನೆ ಅಳು ಬರುತ್ತಿತ್ತು. ಆಪರೇಷನ್ ಆದವರಲ್ಲಿ ಇದು ಅಪರೂಪವಲ್ಲ. ಇಷ್ಟು ದಿನ ಬಿಗಿಹಿಡಿದ ಮನಸ್ಸು ಸಡಿಲಾಗುತ್ತದೆ. ದಿನಕ್ಕೆರಡು ಸಲ ಅಂಗಳದಲ್ಲಿ ನಡಿಗೆ, ಭಾಲ್ಕಿಯ ತಂಗಿಯ ಜೊತೆ ಸಂಜೆ ಫೋನು, ಇವು ನನ್ನನ್ನು ಎತ್ತಿದವು. ಎರಡು ವಾರ ದಾಟಿದರೂ ನಿದ್ದೆ ಊಟ ಸರಿಹೋಗದಿದ್ದರೆ ವೈದ್ಯರಿಗೆ ಹೇಳಲೇಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಏಳು ವಾರಕ್ಕೆ ಎಳ್ಳ ಅಮಾವಾಸ್ಯೆ. ಭಾಲ್ಕಿ ತಾಲ್ಲೂಕಿನ ತಂಗಿಯ ಹೊಲಕ್ಕೆ ಎಲ್ಲರೂ ಹೋದೆವು. ಬುತ್ತಿಯ ಗಂಟು ಎತ್ತುವ ಕೆಲಸ ನನಗೆ ಕೊಡಲಿಲ್ಲ. "ಅಣ್ಣಾ, ಭಜ್ಜಿ ಸ್ವಲ್ಪೇ ಹಾಕೀನಿ, ಚಂದಗೆ ಅಗಿದು ಉಣ್ಣು" ಎಂದಳು. ಕಾಳು ಹೆಚ್ಚಿದ್ದರಿಂದ ಚೀಲ ಸಂಜೆಗೆ ಪುಗ್ಗೆಯಂತೆ ಉಬ್ಬಿತು, ಗಾಳಿ ಬಿಟ್ಟರೆ ಇಳಿಯಿತು. ಭಜ್ಜಿ ಬಿಡುವಷ್ಟು ದೊಡ್ಡ ತೊಂದರೆಯೇನಲ್ಲ.

ನೆನಪಿನಲ್ಲಿ ಇರಲಿ

ಸ್ಟೋಮಾ ಕಪ್ಪಾದರೆ ಅಥವಾ ನೀಲಿಗಟ್ಟಿದರೆ, ಹೊಟ್ಟೆ ಉಬ್ಬಿ ವಾಂತಿಯಾಗಿ ಚೀಲಕ್ಕೆ ಏನೂ ಬರದಿದ್ದರೆ, ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ. ವೈದ್ಯರು ಹೇಳುವವರೆಗೆ ತುಂಬಿದ ಕೊಡ ಎತ್ತಬೇಡಿ.

ಹಿರಿಯರೇ, ಅಂಜಿಕೆಯನ್ನು ನುಂಗಿಕೊಂಡು ಗಟ್ಟಿಗರಂತೆ ಕೂರಬೇಡಿ. ಒಂದು ಹಾಳೆ ತೆಗೆದುಕೊಳ್ಳಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಆ ದಾರಿಯಲ್ಲಿ ಹೋಗಿ ಬಂದವರೊಬ್ಬರನ್ನು ಹುಡುಕಿ ಮಾತಾಡಿಸಿ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿ ಆಪರೇಷನ್ನಿಗೆ ಹೊರಟರೆ "ಏನೂ ಆಗಂಗಿಲ್ಲ" ಎಂದು ಹೇಳಿ ಆಟಕ್ಕೆ ಓಡಬೇಡಿ. "ಯಾವುದಕ್ಕೆ ಅಂಜಿಕಿ ಆಗ್ಯಾದ?" ಎಂದು ಕೇಳಿ, ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ಅಕ್ಷರ ದೊಡ್ಡದಾಗಿ ಬರೆಯಿರಿ, ನಮಗೆ ಓದಲು ಬರುವ ಹಾಗೆ.